ಒದ್ದೆ ಕಂಬಳಿಯ ಕೆಳಗಿನ ಆಂಟೆನಾ

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಮಾಮೂಲಿಗೆ ಬಂದ ಮೊದಲ ವರ್ಷ ಅದು. ತಿಪಟೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿದ್ದೆ. ವಾರಕ್ಕೆ ಮೂರು ದಿನ ಮೈಕ್ರೋವೇವ್ ಲ್ಯಾಬ್ ನನ್ನ ಪಾಲಿಗೆ. ಉಳಿದ ದಿನಗಳಲ್ಲಿ ತುರುವೇಕೆರೆ ಹತ್ತಿರದ ನಮ್ಮ ತೋಟದ ಮನೆ, ಅತ್ತೆಯವರ ಔಷಧಿ ಡಬ್ಬಿ, ಕಾಯಿ ಕೀಳಲು ಬಂದವರಿಗೆ ಕಾಫಿ. ಅರ್ಜಿಗಳಲ್ಲಿ ಉದ್ಯೋಗ ಯಾವುದು ಎಂದು ಕೇಳಿದ ಕಡೆ ನಾನು ಆಗಲೂ ಗೃಹಿಣಿ ಎಂದೇ ಬರೆಯುತ್ತಿದ್ದೆ. ಮದುವೆಗೆ ಮುಂಚೆ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಎರಡು ವರ್ಷ ಆಂಟೆನಾ ಪರೀಕ್ಷಿಸುವ ಕೆಲಸ ಮಾಡಿದ್ದೆ. ಆ ವಿದ್ಯೆ ಹದಿನೆಂಟು ವರ್ಷ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯ ಹಾಗೆ ಕೂತಿದ್ದು, ಈ ಕಾಲೇಜಿನ ನೆಪದಲ್ಲಿ ಕೆಳಗಿಳಿದಿತ್ತು.

ನಾನು ಹೇಳಹೊರಟಿರುವುದು ಆ ವರ್ಷ ಮಾಡಿದ ಒಂದು ಆಂಟೆನಾದ ಕಥೆ. ಅದು ಶುರುವಾದದ್ದು ಮಾತ್ರ ಲ್ಯಾಬಿನಲ್ಲಲ್ಲ, ನಮ್ಮ ತೋಟದಲ್ಲಿ, ಕುರಿಗಳ ನಡುವೆ.

ಪ್ರತಿ ಬೇಸಿಗೆಯಲ್ಲಿ ಹುಳಿಯಾರು ಕಡೆಯ ಒಂದು ಹಟ್ಟಿಯಿಂದ ಚಿಕ್ಕಣ್ಣನವರ ಕುರಿಮಂದೆ ನಮ್ಮಲ್ಲಿಗೆ ಬರುತ್ತದೆ. ತೆಂಗಿನ ಸಾಲುಗಳ ನಡುವೆ ಬಲೆ ಕಟ್ಟಿ ನಾಲ್ಕಾರು ದಿನ ಮಂದೆ ತರುಬಿದರೆ ಮರಗಳ ಬುಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ. ಚಿಕ್ಕಣ್ಣನವರಿಗೆ ಐವತ್ತೈದರ ಆಸುಪಾಸು. ಮಾತು ಕಡಿಮೆ. ಅವರಿಗೆ ಮೂರ್ಛೆ ರೋಗ. ತುಮಕೂರಿನ ಡಾಕ್ಟರ ಮಾತ್ರೆಯಿಂದ ಕಡಿಮೆಯಾಗಿತ್ತು, ನಿಂತಿರಲಿಲ್ಲ. ಯಾವಾಗ ಎಲ್ಲಿ ಬೀಳುತ್ತಾರೋ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಅವರ ಹೆಂಡತಿ ಕರಿಯಮ್ಮ ಹತ್ತು ವರ್ಷದಿಂದ ಗಂಡನ ಹಿಂದೆ ಇಪ್ಪತ್ತು ಹೆಜ್ಜೆ ಬಿಟ್ಟುಕೊಂಡು ನಡೆಯುತ್ತಲೇ ಇದ್ದರು. ಅವರು ಬಿದ್ದರೆ ಓಡಿ ಹೋಗಿ ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದು. ಎದ್ದ ಮೇಲೆ ಮತ್ತೆ ಇಪ್ಪತ್ತು ಹೆಜ್ಜೆ ಹಿಂದೆ. ಅಷ್ಟು ಅಂತರ ಯಾಕೆ ಎಂದು ಒಮ್ಮೆ ಕೇಳಿದ್ದೆ. "ಪಕ್ಕದಲ್ಲೇ ನಡೆದ್ರೆ ಆ ವಯ್ಯನ್ಗೆ ನಾಚ್ಕೆ ಕಣ್ರವ್ವ, ಕಾವ್ಲಿಗವ್ಳೆ ಅಂತಾರೆ ಅಂತ" ಎಂದಿದ್ದರು.

ಆ ಸಲ ಬಂದಾಗ ಕರಿಯಮ್ಮನ ಮುಖ ಬಾಡಿತ್ತು. ಜಗಲಿಯ ಮೇಲೆ ಕಾಫಿ ಲೋಟ ಹಿಡಿದು ಕೂತವರು ಕುಡಿಯದೆ ಅದರ ಅಂಚನ್ನೇ ಸವರುತ್ತಿದ್ದರು. ಒಬ್ಬಳೇ ಮಗಳು ಸುಧಾ ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು.

"ಆಷಾಢಕ್ಕೆ ದಿನ ತುಂಬ್ತದೆ. ಬಾಣಂತನಕ್ಕೆ ಕೂತ್ಕಂಡ್ರೆ ಇವ್ನ ಹಿಂದ್ಗುಟ್ಟ ಯಾರು ಹೋಗಾರು? ಇವ್ನ ಹಿಂದೆ ಹೋದ್ರೆ ಆ ಹಸಿಮೈಯೋಳ್ನ ಯಾರು ನೋಡಾರು?"

"ಕುರಿ ಮಾರ್ಬುಡ್ರೇ ಅತ್ಲಾಗಿ" ಎಂದರು ನಮ್ಮ ಅತ್ತೆ.

"ಅದೇ ಆಗೋದು ಕಣವ್ವ ಕೊನೀಗೆ. ಆದ್ರೆ ಕುರಿ ಹೋದ್ರೆ ಈ ವಯ್ಯ ಎದ್ದು ಕೂರಾಕೂ ಇಲ್ಲ. ಒಂದೊಂದ್ಕೂ ಹೆಸ್ರಿಟ್ಟು ಕೂಗ್ತಾನೆ. ನನ್ನ ಹೆಸ್ರಿಡ್ದು ಕರ್ದು ಎಷ್ಟು ವರ್ಷ ಆಯ್ತೋ!"

ಬಲೆ ಕಟ್ಟುತ್ತಿದ್ದ ಚಿಕ್ಕಣ್ಣ ಅಲ್ಲಿಂದಲೇ ಹೇಳಿದರು: "ನೀನು ಕರುದ್ರೂ ಬತ್ತೀಯ, ಕರೀದಿದ್ರೂ ಬತ್ತೀಯ. ಅವು ಅಂಗಲ್ಲ."

ನಾವೆಲ್ಲ ನಕ್ಕೆವು. ಕರಿಯಮ್ಮನೂ ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಆ ಗಳಿಗೆಯಲ್ಲಿ ಒಂದು ಯೋಚನೆ ಬಂತು. ಮನುಷ್ಯ ಬಿದ್ದರೆ ತಾನಾಗಿ ಫೋನು ಮಾಡುವ, ಬಿದ್ದ ಜಾಗ ತಿಳಿಸುವ ಪುಟ್ಟ ಉಪಕರಣ ಮಾಡಲು ಬೇಕಾದ ಸಾಮಾನೆಲ್ಲ ಈಗ ಸುಲಭವಾಗಿ ಸಿಗುತ್ತದೆ. "ಕರಿಯಮ್ಮ, ನಾನೊಂದು ಪ್ರಯತ್ನ ಮಾಡಲಾ?" ಎಂದೆ. ಆ ಒಂದು ಮಾತಿನಿಂದ ನಾನು ಎಷ್ಟು ದೊಡ್ಡ ಹೊಣೆ ಹೊತ್ತೆನೆಂಬುದು ಆಗ ಗೊತ್ತಿರಲಿಲ್ಲ.

ಸಾಮಾನ್ಯ ಓದುಗರಿಗೆ ಎರಡು ಮಾತು ಬಿಡಿಸಿ ಹೇಳಬೇಕು. ನಮ್ಮ ಫೋನುಗಳು ಜಾಗ ಕಂಡುಹಿಡಿಯುವುದು ಉಪಗ್ರಹಗಳ ಸಂಕೇತದಿಂದ. ಕನಿಷ್ಠ ನಾಲ್ಕು ಉಪಗ್ರಹಗಳಾದರೂ ಕಾಣಬೇಕು. ಆ ಸಂಕೇತ 1575.42 ಮೆಗಾಹರ್ಟ್ಸ್ ಎಂಬ ಕಂಪನದಲ್ಲಿ ಬರುತ್ತದೆ, ಅದೂ ನೆಟ್ಟಗೆ ಬರುವುದಿಲ್ಲ, ತೆಂಗಿನ ನಾರಿನ ಹಗ್ಗ ಹೊಸೆದ ಹಾಗೆ ಬಲಕ್ಕೆ ತಿರುಚಿಕೊಂಡು ಬರುತ್ತದೆ. ಇದಕ್ಕೆ ಸರ್ಕ್ಯುಲರ್ ಪೋಲರೈಸೇಷನ್ ಎನ್ನುತ್ತಾರೆ. ಹಾಗಿದ್ದರೆ ಆಂಟೆನಾ ಯಾವ ಕಡೆ ತಿರುಗಿದ್ದರೂ ಸಂಕೇತ ಕೈತಪ್ಪುವುದಿಲ್ಲ. ಹಿಡಿಯುವ ಆಂಟೆನಾ ಕೂಡ ಅದೇ ಬಲದ ತಿರುಚಿಗೆ ಒಗ್ಗಿರಬೇಕು. ಅಂಗಡಿಯಲ್ಲಿ ಸಿಗುವ ಮಾಡ್ಯೂಲುಗಳಲ್ಲಿ ಒಂದು ತುಂಡು ಕೊಬ್ಬರಿ ಮಿಠಾಯಿಯಷ್ಟಿರುವ ಸೆರಾಮಿಕ್ ಬಿಲ್ಲೆಯ ಮೇಲೆ ಲೋಹದ ಚೌಕ ಅಂಟಿಸಿರುತ್ತಾರೆ. ಮೈಕ್ರೋಸ್ಟ್ರಿಪ್ ಪ್ಯಾಚ್ ಆಂಟೆನಾ ಎಂದರೆ ಅದೇ. ಚಿಕ್ಕದು, ಅಗ್ಗದ್ದು, ಅಚ್ಚುಕಟ್ಟು.

ಅದಕ್ಕಿರುವ ದೋಷ ಒಂದೇ. ಅದು ಕೆಲಸ ಮಾಡುವ ಕಂಪನದ ಪಟ್ಟಿ, ಅಂದರೆ ಬ್ಯಾಂಡ್‌ವಿಡ್ತ್, ಬಹಳ ಕಿರಿದು. ಗದ್ದೆಯ ಬದುವಿನ ಮೇಲೆ ನಡೆದ ಹಾಗೆ. ಹೆಜ್ಜೆ ನೇರವಾಗಿರುವ ತನಕ ಏನೂ ತೊಂದರೆಯಿಲ್ಲ, ಒಂದಡಿ ಪಕ್ಕಕ್ಕೆ ಹೋದರೆ ಕೆಸರು.

ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪರೀಕ್ಷೆಯಲ್ಲಿ ಇದನ್ನೇ ಪ್ರಶ್ನೆಯಾಗಿ ಕೇಳುತ್ತಿದ್ದೆ. ಆದರೂ ಅಂಗಡಿಯ ಬಿಲ್ಲೆಯನ್ನೇ ಹಾಕಿದೆ. ಮನೆಯ ಅಂಗಳದಲ್ಲಿ, ತೋಟದ ಮರಗಳ ಕೆಳಗೆ, ಕಾಲೇಜಿನ ತಾರಸಿಯ ಮೇಲೆ ಪರೀಕ್ಷೆ ಮಾಡಿದೆ. ಹತ್ತು ಹನ್ನೊಂದು ಉಪಗ್ರಹಗಳು ಕಾಣುತ್ತಿದ್ದವು. ಡಬ್ಬಿಯ ಸಂದುಗಳಿಗೆಲ್ಲ ಸಿಲಿಕೋನ್ ಅಂಟು ತುಂಬಿ, ನೀರು ಹೋಗದ ಹಾಗೆ ಮಾಡಿದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹೊಲಿಗೆ ಉಪಯೋಗಕ್ಕೆ ಬಂತು. ಚಿಕ್ಕಣ್ಣನವರ ಹೆಗಲ ಚೀಲದ ಪಟ್ಟಿಗೆ, ಭುಜದ ಮೇಲೆ ಬರುವ ಕಡೆ, ದಪ್ಪ ಬಟ್ಟೆಯ ಜೇಬು ಹೊಲಿದು ಅದರಲ್ಲಿ ಡಬ್ಬಿ ಕೂರಿಸಿದೆ. ಪಟ್ಟಿ ಅಡ್ಡಬಿದ್ದು ಒಂದು ನಿಮಿಷ ಹಾಗೇ ಇದ್ದರೆ ಉಪಕರಣ ಕೀ ಎನ್ನುತ್ತದೆ. ಆಗಲೂ ಅವರು ಗುಂಡಿ ಒತ್ತದಿದ್ದರೆ ಕರಿಯಮ್ಮನ ಫೋನಿಗೆ ಕರೆ ಹೋಗುತ್ತದೆ. ಕೊನೆಯದಾಗಿ ಉಪಗ್ರಹ ಕಂಡಾಗ ಅವರು ಎಲ್ಲಿದ್ದರೋ ಆ ಜಾಗ ಸುಧಾಳ ಫೋನಿನ ಭೂಪಟದಲ್ಲಿ ಮೂಡುತ್ತದೆ. ಅವಳು ಹತ್ತನೇ ತರಗತಿಯವರೆಗೆ ಓದಿದ್ದಳು, ಭೂಪಟ ನೋಡುವುದನ್ನು ಒಂದೇ ದಿನದಲ್ಲಿ ಕಲಿತಳು.

ಚಿಕ್ಕಣ್ಣ ಚೀಲ ಹೆಗಲಿಗೇರಿಸಿ ನಿಂತಾಗ ಅತ್ತೆ, "ಏನಪ್ಪ ಚಿಕ್ಕ, ಭುಜದ ಮ್ಯಾಗೆ ಪಟ್ಟಿ ಬಂತು! ಇನ್‌ಸ್ಪೆಟ್ರು ಆಗ್ಬುಟ್ಯಲ್ಲ" ಎಂದು ಚುಡಾಯಿಸಿದರು.

"ಇನ್ಮೇಲೆ ಕುರಿ ನಂಗೆ ಸಲೂಟ್ ಹೊಡೀಬೇಕು ಕಣವ್ವ" ಎಂದರು ಅವರು.

ಹೊರಡುವಾಗ ನಾನು ಒಂದು ಮಾತು ಹೇಳಿದೆ. ಮನೆಯಲ್ಲಿ ಗಾಜಿನ ಲೋಟ ಕೊಟ್ಟರೂ, ಮಗುವಿನ ಕೈಗೆ ಪೆನ್ನು ಕೊಟ್ಟರೂ ಬಾಯಿಗೆ ಬರುವ ಮಾತು. "ಜೋಪಾನವಾಗಿ ಇಟ್ಟುಕೊಳ್ಳಿ ಚಿಕ್ಕಣ್ಣ. ನೆನೆಯದ ಹಾಗೆ ನೋಡಿಕೊಳ್ಳಿ."

ಮೊದಮೊದಲು ಎಲ್ಲ ಚೆನ್ನಾಗಿತ್ತು. ಮುಂಗಾರು ಹತ್ತಿರ ಬಂದು ಅವರು ಹಟ್ಟಿಗೆ ಮರಳಿದ್ದರು. ಕರಿಯಮ್ಮ ಮನೆಯಲ್ಲೇ ಉಳಿದು ಪರೀಕ್ಷೆ ಮಾಡತೊಡಗಿದರು. ಎರಡು ಸಲ ಫೋನು ಬಂದು ಎದೆ ಹಿಡಿದುಕೊಂಡು ಓಡಿದರೆ, ಚಿಕ್ಕಣ್ಣ ಭೂಪಟ ತೋರಿಸಿದ ಮರದ ಕೆಳಗೇ ಗೊರಕೆ ಹೊಡೆಯುತ್ತಿದ್ದರಂತೆ. "ಮಲಗಿದ್ದನ್ನೂ ಚಾಡಿ ಹೇಳ್ತದಲ್ಲವ್ವ ನಿಮ್ಮ ಡಬ್ಬಿ" ಎಂದು ಚಿಕ್ಕಣ್ಣ ನನಗೆ ಫೋನಿನಲ್ಲಿ ದೂರು ಕೊಟ್ಟರು. ನಾನು ಸಂತೋಷದಿಂದ ಆ ದೂರನ್ನು ನಮ್ಮ ಮನೆಯವರಿಗೆ, ಅತ್ತೆಗೆ, ಕಾಲೇಜಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ.

ಆಮೇಲೆ ಮಳೆ ಬಂತು.

ಜೂನ್ ತಿಂಗಳ ಒಂದು ಮಧ್ಯಾಹ್ನ ಕರಿಯಮ್ಮನಿಗೆ ಕರೆ ಬಂತು. ಸುಧಾ ಭೂಪಟ ನೋಡಿ ಕೆರೆ ಏರಿಯ ಮೇಲೆ ಎಂದಳು. ಕರಿಯಮ್ಮ ಏರಿಗೆ ಓಡಿದರು. ಏರಿ ಖಾಲಿ. ಮಳೆಯ ಸದ್ದಿನಲ್ಲಿ ಕುರಿಯ ಗಂಟೆ ಕೇಳಿಸಲಿಲ್ಲ, ಕೂಗಿದರೆ ತನ್ನ ಕೂಗೇ ತನಗೆ ಕೇಳಿಸಲಿಲ್ಲ. ಏರಿಯ ಆಚೆ, ಈಚೆ, ಕಾಲುವೆ, ಜಾಲಿ ಪೊದೆ. ಸುಮಾರು ಒಂದು ಗಂಟೆ. ಕೊನೆಗೆ ಗುಡ್ಡದ ಹಿಂದಿನ ಹಳ್ಳದ ಬಳಿ ಕುರಿಗಳೆಲ್ಲ ಒಂದೇ ಕಡೆ ಗುಂಪುಕಟ್ಟಿ ನಿಂತಿದ್ದು ಕಂಡಿತು. ನಡುವೆ ಚಿಕ್ಕಣ್ಣ ಬಿದ್ದಿದ್ದರು. ಮುಖ ಹೇಗೋ ಒಂದು ಪಕ್ಕಕ್ಕೆ ತಿರುಗಿತ್ತು. ಹರಿಯುವ ನೀರು ಅವರ ಬಾಯಿಂದ ಒಂದು ಗೇಣು ದೂರದಲ್ಲಿತ್ತು.

ಸುಧಾ ಫೋನಿನಲ್ಲಿ ಇದನ್ನು ಹೇಳಿದಾಗ ನಾನು ಅಡುಗೆಮನೆಯಲ್ಲಿದ್ದೆ. ಒಗ್ಗರಣೆ ಸೀದು ಹೋಗಿದ್ದು ಅತ್ತೆ ಬಂದು ಗ್ಯಾಸ್ ಆರಿಸಿದ ಮೇಲೆಯೇ ನನಗೆ ತಿಳಿದದ್ದು.

ಮರುದಿನ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಿಸಿ ಅವರ ಹಟ್ಟಿಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಕೇಳುವ ತಯಾರಿಯಲ್ಲಿದ್ದೆ. ಆದರೆ ಕರಿಯಮ್ಮ ಮೊದಲು ಕಾಲಿಗೆ ನೀರು ಕೊಟ್ಟರು. ಆಮೇಲೆ ಒಣಬಟ್ಟೆಯಲ್ಲಿ ಸುತ್ತಿಟ್ಟಿದ್ದ ಡಬ್ಬಿಯನ್ನು ತಂದು ನನ್ನ ಮುಂದಿಟ್ಟರು.

"ತಗಂಡೋಗ್ರವ್ವ. ನಿಮ್ದೇನೂ ತಪ್ಪಿಲ್ಲ. ಹುಳಿಯಾರು ಸಂತೇಲಿ ಕುರಿ ಮಾರ್ತೀವಿ."

ಚಿಕ್ಕಣ್ಣ ಮೂಲೆಯಲ್ಲಿ ಕೂತಿದ್ದರು. ಹೊರಗೆ ಕುರಿ ಕೆಮ್ಮಿದ ಸದ್ದಾದರೆ ಅವರ ಕತ್ತು ಅತ್ತ ತಿರುಗುತ್ತಿತ್ತು.

ನಾನು ಡಬ್ಬಿಯನ್ನು ತಿರುಗಿಸಿ ನೋಡಿದೆ. ಅಂಟು ಬಿಟ್ಟಿರಲಿಲ್ಲ. ಒಂದು ಹನಿ ನೀರು ಒಳಗೆ ಹೋಗಿರಲಿಲ್ಲ. "ಮಳೆ ಬಂದಾಗ ಇದು ಎಲ್ಲಿತ್ತು ಚಿಕ್ಕಣ್ಣ?" ಎಂದೆ.

ಅವರು ಎದ್ದು ಗೂಟಕ್ಕೆ ನೇತುಹಾಕಿದ್ದ ಕಂಬಳಿಯನ್ನು ತೆಗೆದು, ಕ್ಷಣದಲ್ಲಿ ಮಡಿಸಿ ತಲೆಗೆ ಕೊಪ್ಪೆ ಹಾಕಿಕೊಂಡರು. ಮಳೆಗೆ ಕುರಿಗಾಹಿಗಳು ಹಾಕಿಕೊಳ್ಳುವ ಹಾಗೆ, ತಲೆಯಿಂದ ಮೊಣಕಾಲಿನ ತನಕ. ಕಂಬಳಿ ಇನ್ನೂ ಒದ್ದೆಯಿತ್ತು, ತೂಕಕ್ಕೆ ಜೋತುಬಿದ್ದಿತ್ತು. ಆಮೇಲೆ ಅದರ ಅಂಚನ್ನೆತ್ತಿ, ಒಳಗೆ ಭುಜದ ಮೇಲಿನ ಪಟ್ಟಿಯನ್ನು ತೋರಿಸಿದರು. ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ನೀವು ಜೋಪಾನ ಅಂದಿದ್ರಲ್ಲವ್ವ. ಮ್ವಾಡ ಕಟ್ಟಿದ್ ತಕ್ಷಣ ಒಳೀಕ್ ಎಳ್ಕಂಡೆ. ನಾನು ನೆಂದ್ರೂ ಅದ್ನ ನೆನೆಯಾಕ್ ಬುಡ್ಲಿಲ್ಲ."

ನೀರು ಹೋಗದ ಡಬ್ಬಿ ಮಾಡಿದವಳೂ ನಾನೇ, ಅದನ್ನು ನೆನೆಸಬೇಡಿ ಎಂದವಳೂ ನಾನೇ. ಉಪಕರಣ ಬರಿಯ ಮಳೆಯಲ್ಲಿದ್ದಿದ್ದರೆ ಕೆಲಸ ಮಾಡುತ್ತಿತ್ತೇನೋ. ನೀರು ಕುಡಿದ ಉಣ್ಣೆ ಅದರ ಮೇಲೆ ಒದ್ದೆ ಗೋಡೆಯ ಹಾಗೆ ಕೂತಿತ್ತು. ಟವರಿನ ಗಟ್ಟಿ ಸಂಕೇತ ಅದನ್ನು ದಾಟಿ ಫೋನೇನೋ ಹೋಗಿತ್ತು, ಆಕಾಶದಿಂದ ಬರುವ ಕ್ಷೀಣ ಸಂಕೇತ ದಾಟಿರಲಿಲ್ಲ. ಕೊಪ್ಪೆ ಹಾಕಿಕೊಳ್ಳುವ ಮುಂಚೆ ಅವರು ಏರಿಯ ಮೇಲಿದ್ದರು, ಉಪಗ್ರಹ ಕಂಡದ್ದು ಅದೇ ಕೊನೆ. ಆಮೇಲೆ ಅವರು ನಡೆದ ದಾರಿಯೆಲ್ಲ ಡಬ್ಬಿಯ ಲೆಕ್ಕಕ್ಕೇ ಬಂದಿರಲಿಲ್ಲ. ಮಳೆಯಲ್ಲಿ ಬಿದ್ದರೆ ಜೀವಕ್ಕೆ ಹೆಚ್ಚು ಅಪಾಯ, ಅದೇ ಮಳೆಯಲ್ಲಿ ನನ್ನ ಉಪಕರಣ ಕುರುಡು.

"ಕರಿಯಮ್ಮ, ಸುಧಾಳ ಹೆರಿಗೆಯ ತನಕ ಕುರಿ ಮಾರಬೇಡಿ. ಅಷ್ಟರಲ್ಲಿ ನನ್ನ ಕೈಲಿ ಆಗದಿದ್ದರೆ ನಾನೇ ಬಂದು ಆಗಲ್ಲ ಅಂತ ಹೇಳುತ್ತೇನೆ" ಎಂದೆ.

ಕರಿಯಮ್ಮ ಗಂಡನ ಕಡೆ ನೋಡಿದರು. "ಹೆರಿಗೆಗಂಟ. ಅಷ್ಟೇಯ. ಅಲ್ಲೀಗಂಟ ಆ ಬಸುರೀನ ಒಬ್ಳೇ ಬುಟ್ಟು ನಾನೇ ಇವ್ನ ಹಿಂದೆ ಹೋಯ್ತೀನಿ."

ಬರುವಾಗ ಚಿಕ್ಕಣ್ಣನವರ ಹಳೆಯ ಕಂಬಳಿಯೊಂದನ್ನು ಕೇಳಿ ತಂದೆ. ಅವರ ತಂದೆಯ ಕಾಲದ್ದಂತೆ. ಹೊಸ ಕಂಬಳಿಗೆ ಹುಣಸೆಬೀಜದ ಗಂಜಿಯ ಬಿಗಿಯಿರುತ್ತದೆ, ಇದರಲ್ಲಿ ಅದು ಎಂದೋ ಹೋಗಿ, ನೀರನ್ನು ಇನ್ನಷ್ಟು ಹೀರುತ್ತಿತ್ತು. ನನಗೆ ಬೇಕಾಗಿದ್ದೂ ಅಂಥದ್ದೇ.

ಲ್ಯಾಬಿನಲ್ಲಿ ಬಕೆಟ್ಟಿಗೆ ನೀರು ತುಂಬಿ ಕಂಬಳಿ ನೆನೆಸಿ, ಆಂಟೆನಾದ ಮೇಲೆ ಹೊದೆಸಿ ಅಳತೆ ಮಾಡಿದೆ. ನೆಟ್‌ವರ್ಕ್ ಅನಲೈಸರ್ ಎಂಬ ಯಂತ್ರದ ಪರದೆಯಲ್ಲಿ ಆಂಟೆನಾ ಯಾವ ಕಂಪನಕ್ಕೆ ಸ್ಪಂದಿಸುತ್ತದೆ ಎಂಬುದು ಒಂದು ಕಣಿವೆಯ ಹಾಗೆ ಕಾಣುತ್ತದೆ. ಒಣ ಕಂಬಳಿಗೆ ಕಣಿವೆ ಸ್ವಲ್ಪ ಸರಿಯಿತು. ಒದ್ದೆ ಕಂಬಳಿಗೆ ನಲವತ್ತು ಮೆಗಾಹರ್ಟ್ಸ್ ಕೆಳಗೆ ಜಾರಿ ಕೂತಿತು. ಆ ಬಿಲ್ಲೆಯ ಪಟ್ಟಿಯ ಅಗಲವೇ ಹನ್ನೆರಡು. ತಾರಸಿಗೆ ಕೊಂಡೊಯ್ದು ನೋಡಿದರೆ ಹನ್ನೊಂದಿದ್ದ ಉಪಗ್ರಹ ಎರಡಕ್ಕಿಳಿದಿತ್ತು.

ಒದ್ದೆ ಉಣ್ಣೆಯ ವಾಸನೆ ಮೂರು ದಿನ ಕಾರಿಡಾರಿನಲ್ಲಿ ಓಡಾಡಿತು. ವಿಭಾಗದ ಮುಖ್ಯಸ್ಥರಾದ ರಾಜಶೇಖರ್ ಸರ್ ಮೂಗು ಮುಚ್ಚಿಕೊಂಡು ಇಣುಕಿದರು.

"ಮೇಡಂ, ಲ್ಯಾಬಲ್ಲಿ ಕುರಿ ಏನಾದ್ರೂ ಕಟ್ಟಿದೀರಾ?"

"ಇಲ್ಲ ಸರ್, ಕಂಬಳಿ ಮಾತ್ರ."

"ಶುಕ್ರವಾರ ಎಕ್ಸಾಮಿನರ್ ಬರ್ತಾರೆ. ಅಷ್ಟರಲ್ಲಿ ಒಣಗಿಸ್ಕೊಳ್ಳಿ." ವಿಷಯ ಕೇಳಿದ ಮೇಲೆ ಅವರು ಕುರ್ಚಿ ಎಳೆದುಕೊಂಡು ಕೂತರು. "ಇಷ್ಟೆಲ್ಲ ಯಾಕೆ ಮೇಡಂ? ಕಂಬಳಿ ಮೇಲೆ ಹಾಕ್ಕೊಳಪ್ಪ ಅಂತ ಹೇಳಿದ್ರೆ ಮುಗೀತಲ್ಲ."

ಸರಿಯಾದ ಮಾತೇ. ನಾನೂ ಒಂದು ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದೆ. ಆದರೆ ಸುರಿಯುವ ಮಳೆಯಲ್ಲಿ, ಕುರಿ ಚದುರುತ್ತಿರುವಾಗ, ಯಾವ ಗಳಿಗೆಯಲ್ಲಿ ಪ್ರಜ್ಞೆ ಕಳಚಿಹೋಗುತ್ತದೋ ಎಂದು ತನಗೇ ಗೊತ್ತಿಲ್ಲದ ಮನುಷ್ಯನಿಗೆ, ಮೊದಲು ನನ್ನ ಡಬ್ಬಿಯನ್ನು ನೆನಪಿಟ್ಟುಕೊಳ್ಳಿ ಎನ್ನುವುದು ಹೇಗೆ? ಬೆಲೆಬಾಳುವುದನ್ನು ಕಂಬಳಿಯೊಳಗೆ ಇಟ್ಟುಕೊಳ್ಳುವುದು ಅವರ ಕೈಗೆ ಬಂದ ಅಭ್ಯಾಸ. ಹುಟ್ಟಿದ ಮರಿಯನ್ನು ಅವರು ಮಳೆಯಲ್ಲಿ ತರುವುದೂ ಅಲ್ಲೇ. "ಸರ್, ಅವರು ಎಲ್ಲಿ ಇಟ್ಟುಕೊಳ್ಳುತ್ತಾರೋ ಅಲ್ಲೇ ಇದು ಕೆಲಸ ಮಾಡಬೇಕು" ಎಂದೆ. ಅವರು ಸ್ಟೋರಿನ ಬೀಗದ ಕೈ ಮೇಜಿನ ಮೇಲಿಟ್ಟು ಹೋದರು.

ಬದುವನ್ನು ಗಾಡಿದಾರಿ ಮಾಡಬೇಕಾಗಿತ್ತು. ಪ್ಯಾಚ್ ಆಂಟೆನಾದ ಪಟ್ಟಿ ಅಗಲ ಮಾಡುವ ಹಳೆಯ ಉಪಾಯವೆಂದರೆ, ಲೋಹದ ಚೌಕವನ್ನು ಸೆರಾಮಿಕ್ಕಿನ ಮೇಲಿಡದೆ ಗಾಳಿಯ ಮೇಲೆ ಎತ್ತಿ ನಿಲ್ಲಿಸುವುದು. ತೆಳುವಾದ ಬೋರ್ಡಿನ ಮೇಲೆ ತಾಮ್ರದ ಚೌಕ ಕೊರೆದು, ನೈಲಾನ್ ಕಂಬಗಳ ಮೇಲೆ ಹತ್ತು ಮಿಲಿಮೀಟರ್ ಎತ್ತರಿಸಿದೆ. ಆಂಟೆನಾ ಮಿಠಾಯಿ ತುಂಡಿನಿಂದ ಕಾಫಿ ತಟ್ಟೆಯಷ್ಟು ದೊಡ್ಡದಾಯಿತು. ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯ ಉಬ್ಬು ಮುಚ್ಚಳ, ಕಂಬಳಿ ತಾಮ್ರಕ್ಕೆ ತಾಗದ ಹಾಗೆ. ಅಳತೆ ಮಾಡಿದರೆ ಪಟ್ಟಿಯ ಅಗಲ ಹನ್ನೆರಡರಿಂದ ನೂರು ಮೆಗಾಹರ್ಟ್ಸ್ ದಾಟಿತ್ತು! ಒದ್ದೆ ಕಂಬಳಿ ಹೊದೆಸಿದರೂ ಕಣಿವೆ 1575ನ್ನು ಬಿಟ್ಟುಕೊಡಲಿಲ್ಲ. ಆ ಸಂಜೆ ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತಿದ್ದೆ ಎಂದು ಪಕ್ಕದಲ್ಲಿ ಕೂತಿದ್ದ ಹೂವಿನ ಬುಟ್ಟಿಯ ಹೆಂಗಸು ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ಮರುದಿನ ತಾರಸಿಯ ಮೇಲೆ ನಗು ಆರಿತು. ಒದ್ದೆ ಕಂಬಳಿಯ ಕೆಳಗೆ ಕಂಡ ಉಪಗ್ರಹಗಳು ಮೂರು, ಒಮ್ಮೊಮ್ಮೆ ನಾಲ್ಕು.

ಕಾರಣ ಹುಡುಕಲು ಒಂದು ವಾರ ಹಿಡಿಯಿತು. ಆಂಟೆನಾ ಒಂದು ಕಂಪನವನ್ನು ಒಳಗೆ ಬಿಟ್ಟುಕೊಳ್ಳುವುದೇ ಬೇರೆ, ಅದರ ತಿರುಚನ್ನು ಸರಿಯಾಗಿ ಹಿಡಿಯುವುದೇ ಬೇರೆ. ತಿರುಚು ಎಷ್ಟು ಗುಂಡಗಿದೆ ಎನ್ನುವ ಅಳತೆಗೆ ಆಕ್ಸಿಯಲ್ ರೇಶಿಯೋ ಎನ್ನುತ್ತಾರೆ. ಅದು ಮೂರು ಡೆಸಿಬೆಲ್ ಒಳಗಿದ್ದರೆ ಗುಂಡಗಿದೆ ಎಂದು ಲೆಕ್ಕ. ಹೆಚ್ಚಾದಷ್ಟೂ ಮೊಟ್ಟೆಯ ಆಕಾರ. ನಾನು ಮಾಡಿದ್ದರಲ್ಲಿ ಸಂಕೇತ ತಾಮ್ರದ ಚೌಕದಿಂದ ತಂತಿಗೆ ಇಳಿಯಲು ಒಂದೇ ಬಾಗಿಲು. ಚೌಕದ ಎರಡು ಮೂಲೆ ಚೂರು ಕತ್ತರಿಸಿ ತಿರುಚು ಹುಟ್ಟಿಸಿದ್ದೆ. ಆ ಉಪಾಯದಲ್ಲಿ ತಿರುಚು ಗುಂಡಗಿರುವುದು ಕಂಪನದ ಒಂದು ಸಣ್ಣ ಅಂತರದಲ್ಲಿ ಮಾತ್ರ. ಪರದೆಯ ಮೇಲಿನ ಅಗಲ ಕಣಿವೆ ನೋಡಿ ಮೈಮರೆತವಳು ಅದರೊಳಗಿನ ಈ ಕಿರಿದಾದ ಓಣಿಯನ್ನು ಒದ್ದೆಯಲ್ಲಿ ಅಳೆದೇ ಇರಲಿಲ್ಲ. ಈಗ ಅಳೆದರೆ ಒಂಬತ್ತು ಡೆಸಿಬೆಲ್. ಪೂರಾ ಮೊಟ್ಟೆ.

ಆ ಭಾನುವಾರ ಹಟ್ಟಿಗೆ ಹೋದೆ, ಆಗುತ್ತಿಲ್ಲ ಎಂದು ಹೇಳಿಬಿಡುವ ಮನಸ್ಸಿನಿಂದಲೇ. ಕರಿಯಮ್ಮ ಮಗಳ ಬಾಣಂತನದ ಪುಡಿಗೆಂದು ಒಣಶುಂಠಿ, ಮೆಣಸು ಹುರಿದು ಬೀಸುವ ಕಲ್ಲಿನ ಮುಂದೆ ಕೂತಿದ್ದರು.

"ಬನ್ನಿ, ಒಂದು ಕೈ ಆಕ್ರವ್ವ. ಒಬ್ಳೇ ಬೀಸುದ್ರೆ ಕಲ್ಲು ಎಳ್ದಾಡ್ತದೆ."

ಎದುರು ಕೂತು ಗೂಟ ಹಿಡಿದೆ. ಒಬ್ಬರೇ ಬೀಸುವಾಗ ಕಾಳು ಒಣಗಿದ್ದರೆ ಕಲ್ಲು ಗುಂಡಗೆ ತಿರುಗುತ್ತದೆ. ಸ್ವಲ್ಪ ಥಂಡಿ ಹಿಡಿದಿದ್ದರೆ ಒಂದು ಕಡೆ ಸಲೀಸು, ಇನ್ನೊಂದು ಕಡೆ ತಡೆ. ಇಬ್ಬರು ಕೂತರೆ ಒಬ್ಬರ ಕೈ ಸೋತಲ್ಲಿ ಇನ್ನೊಬ್ಬರ ಕೈ ಎಳೆಯುತ್ತದೆ. ಕಲ್ಲಿಗೆ ಭಾರವಾದರೂ ಸುತ್ತು ಕೆಡುವುದಿಲ್ಲ.

ಎರಡು ಬಾಗಿಲಿನ ಆಂಟೆನಾ ಪುಸ್ತಕದಲ್ಲೇ ಇದೆ, ನಾನೇ ಪಾಠ ಮಾಡಿದ್ದೆ. ಪಕ್ಕಪಕ್ಕದ ಎರಡು ಅಂಚುಗಳಿಂದ ಸಂಕೇತ ಪಡೆದು, ಹೈಬ್ರಿಡ್ ಎಂಬ ಪುಟ್ಟ ತಾಮ್ರದ ದಾರಿಯಲ್ಲಿ ಒಂದನ್ನು ಕಾಲು ಸುತ್ತು ತಡೆದು ಇನ್ನೊಂದಕ್ಕೆ ಕೂಡಿಸುವುದು. ಜಾಗ ಹೆಚ್ಚು ಬೇಕು, ಬೆಸುಗೆ ಹೆಚ್ಚು, ಒಂದೇ ಬಾಗಿಲಿನಲ್ಲಿ ಆಗುವುದಕ್ಕೆ ಎರಡು ಯಾಕೆ ಎಂದು ಬಿಟ್ಟಿದ್ದೆ. ಆ ಕಲ್ಲಿನ ಮುಂದೆ ಕೂತಾಗ ನನ್ನ ಜಿಪುಣತನ ನನಗೇ ಕಂಡಿತು.

"ಯಾಕವ್ವ ಕೈ ನಿಲ್ಸಿದ್ರಿ?" ಎಂದರು ಕರಿಯಮ್ಮ.

"ಏನಿಲ್ಲ, ಬೀಸಿ" ಎಂದೆ. ಆಗುತ್ತಿಲ್ಲ ಎಂಬ ಮಾತು ಹೇಳದೆ ವಾಪಸಾದೆ.

ಮುಂದಿನ ಎಂಟು ದಿನ ಮನೆಯಲ್ಲಿ ಸಾರು, ಪಲ್ಯ ಎಲ್ಲ ಅತ್ತೆಯವರದೇ. ಹೈಬ್ರಿಡ್ಡನ್ನು ಮೂರು ಸಲ ಕೊರೆದೆ, ಎರಡು ಸಲ ಕೆಟ್ಟಿತು. ತಾರಸಿಯ ಮೇಲೆ ಪರೀಕ್ಷೆಯ ಸಂಕೇತ ಬಿಡುವ ಕೋಲನ್ನು ಹದಿನೈದು ಡಿಗ್ರಿಗೊಮ್ಮೆ ತಿರುಗಿಸಿ ಅಂಕಿ ಬರೆದುಕೊಂಡೆ. ಬಕೆಟ್ಟು ಹಿಡಿದು ಕಂಬಳಿಗೆ ನೀರು ಸುರಿಯಲು ರಾಜಶೇಖರ್ ಸರ್ ತಾವೇ ಪ್ಯಾಂಟು ಮಡಿಸಿ ನಿಂತರು. ಒದ್ದೆ ಕಂಬಳಿಯ ಕೆಳಗೆ ಆಕ್ಸಿಯಲ್ ರೇಶಿಯೋ ಎರಡೂವರೆ ಡೆಸಿಬೆಲ್. ಕಂಡ ಉಪಗ್ರಹ ಎಂಟು. ನೀರು ನುಂಗುವಷ್ಟನ್ನು ನುಂಗಿಯೇ ನುಂಗಿತ್ತು, ಹನ್ನೊಂದು ಬರಲಿಲ್ಲ. ಆದರೆ ಎಂಟು ಸಾಕು.

"ಮತ್ತೆ ಸುರೀಲಾ ಮೇಡಂ?" ಎಂದರು ಸರ್. ಮೂರು ಸಲ ಸುರಿಸಿದೆ. ಮೂರು ಸಲವೂ ಏಳರ ಕೆಳಗೆ ಇಳಿಯಲಿಲ್ಲ.

ಸುಧಾಳಿಗೆ ಹೆಣ್ಣುಮಗು ಹುಟ್ಟಿದ ನಾಲ್ಕನೇ ದಿನ ಹೊಸ ಡಬ್ಬಿ ಕೊಟ್ಟುಬಂದೆ. ತಟ್ಟೆಯಗಲದ್ದನ್ನು ಭುಜದ ಮೇಲೆ ನೋಡಿಕೊಂಡು ಚಿಕ್ಕಣ್ಣ, "ಇನ್‌ಸ್ಪೆಟ್ರಿಂದ ಎಸ್‌ಪಿ ಆದೆ ಕಣೇ" ಎಂದು ಹೆಂಡತಿಗೆ ಹೇಳಿದರು. ಕರಿಯಮ್ಮ ನಗಲಿಲ್ಲ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಡಬ್ಬಿಯನ್ನೇ ನೋಡುತ್ತಿದ್ದರು. ಆ ನೋಟ ನನ್ನ ಜೊತೆ ಬಸ್ಸು ಹತ್ತಿತು.

ಮಗುವಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಒಂದು ಸಂಜೆ ಕರಿಯಮ್ಮನ ಫೋನು ಬಂತು. ಉಸಿರು ಇನ್ನೂ ಏರಿಳಿಯುತ್ತಿತ್ತು.

"ಸಿಕ್ದ ಕಣವ್ವ. ಮಗೀಗೆ ಎಣ್ಣೆ ಉಜ್ತಾ ಇದ್ದೆ, ಪೋನು ಬಡ್ಕಂತು. ಸುಧಾ ಹುಣಸೆಮರದ ಕೆಳ್ಗಡೆ ಹಳ್ಳ ಅಂದ್ಲು. ಧೋ ಅಂತ ಮಳೆ. ಎಣ್ಣೆಕೈಲೇ ಓಡ್ದೆ. ಅಲ್ಲೇ ಇದ್ದ, ಕೊಪ್ಪೆ ಆಕ್ಕಂಡು ಅಂಗೇ ಬಿದ್ದಿದ್ದ. ನೀರು ಕೆನ್ನೆಗೆ ಬಂದಿತ್ತು. ಇನ್ನೊಂದು ಗಳ್ಗೆ..." ಅಲ್ಲಿಗೆ ನಿಲ್ಲಿಸಿದರು. ಆಮೇಲೆ, "ಎದ್ದವ್ನೇ ಮೊದ್ಲು ಡಬ್ಬಿ ನೆಂತೇನೋ ಅಂತ ಮುಟ್ಟಿ ನೋಡ್ಕಂಡ ಕಣವ್ವ" ಎಂದು ನಕ್ಕರು. ನಗುತ್ತಲೇ ಅಳತೊಡಗಿದರು. ನಾನೂ ಅಷ್ಟೆ.

ಅಂದಿನಿಂದ ನನ್ನ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವವರು ವಿನ್ಯಾಸಕ್ಕೆ ಮುಂಚೆ ಒಂದು ಪುಟ ಬರೆಯಬೇಕು: ಇದನ್ನು ಯಾರು ಹೊರುತ್ತಾರೆ, ಮೈಮೇಲೆ ಯಾವ ಬಟ್ಟೆ, ಮಳೆ ಬಂದರೆ ಅವರು ಮೊದಲು ಏನು ಮಾಡುತ್ತಾರೆ. ಬ್ಯಾಂಡ್‌ವಿಡ್ತ್ ಎಷ್ಟಿರಬೇಕು ಎಂಬ ಅಂಕಿ ಆ ಪುಟದಿಂದ ಬರಬೇಕು, ಪುಸ್ತಕದಿಂದಲ್ಲ. ಇದನ್ನು ನನಗೆ ಕಲಿಸಿದ್ದು ಹತ್ತು ಮಿಲಿಮೀಟರ್ ಗಾಳಿಯಲ್ಲ, ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ ಒಬ್ಬ ಮನುಷ್ಯ.

ಮುಂದಿನ ಬೇಸಿಗೆಯಲ್ಲಿ ಮಂದೆ ನಮ್ಮ ತೋಟಕ್ಕೆ ಬಂತು. ಮಗಳೂ ಮೊಮ್ಮಗಳೂ ಗಂಡನ ಮನೆ ಸೇರಿದ್ದರು. ಕರಿಯಮ್ಮ ಮತ್ತೆ ಗಂಡನ ಜೊತೆ ಹೊರಟಿದ್ದರು. ಹಿಂದಿನ ಹಾಗೆ ಇಪ್ಪತ್ತು ಹೆಜ್ಜೆ ಹಿಂದಲ್ಲ, ಇಷ್ಟ ಬಂದಾಗ ಮುಂದೆ, ಇಷ್ಟ ಬಂದಾಗ ನಮ್ಮ ಜಗಲಿಯ ಮೇಲೆ ಅತ್ತೆಯ ಜೊತೆ ಹರಟೆ. ಒಂದು ಮಧ್ಯಾಹ್ನ ಬೇಸಿಗೆಯ ಅಡ್ಡಮಳೆ ಶುರುವಾಯಿತು. ಚಿಕ್ಕಣ್ಣ ಕೊಪ್ಪೆ ಹಾಕಿಕೊಳ್ಳುತ್ತ ನನ್ನನ್ನು ನೋಡಿ ತಡೆದರು. ಹಿಂದಿನ ಮಳೆಗಾಲದಲ್ಲಿ ನಡೆದದ್ದನ್ನು ಅವರಿಗೆ ಯಾರೋ ಬಿಡಿಸಿ ಹೇಳಿದ್ದರೆಂದು ಕಾಣುತ್ತದೆ.

"ಇದ್ನ ಈಚೆ ಆಕ್ಕಳ್ಲೇನವ್ವ?"

ಅವರ ಕೈ ಭುಜದ ಮೇಲಿನ ಪಟ್ಟಿಯನ್ನು ಮಳೆಗೆ ಮರೆಮಾಡಿ ಹಿಡಿದಿತ್ತು.

"ಬೇಡ ಚಿಕ್ಕಣ್ಣ" ಎಂದೆ. "ಒಳಗೇ ಇಟ್ಟುಕೊಳ್ಳಿ. ಜೋಪಾನ."